ಅಂಚೆಯಲ್ಲಿ ಬರುವ ವಿಮೆ: ಹಿರಿಯ ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು



ಕಾಫಿ ಕೊಯ್ಲು ಮುಗಿದು, ಅಡಿಕೆ ಮಾರಿದ ಹಣ ಖಾತೆಗೆ ಬರುವ ತಿಂಗಳುಗಳಲ್ಲಿ ನಮ್ಮ ಹಿರಿಯ ಸದಸ್ಯರ ಮನೆಗೆ ಬರುವ ಟಪಾಲೂ ಹೆಚ್ಚುತ್ತದೆ. ಅದರಲ್ಲಿ ಒಂದು ಬಗೆಯ ಲಕೋಟೆಯನ್ನು ನೀವೆಲ್ಲ ಕಂಡಿರುತ್ತೀರಿ. ಮೇಲೆ ನಿಮ್ಮ ಹೆಸರು ಅಚ್ಚಾಗಿರುತ್ತದೆ. ಒಳಗೆ “ಮಾನ್ಯ ಹಿರಿಯರೇ” ಎಂದು ತೊಡಗುವ ಕಾಗದ, ನಗುವ ವೃದ್ಧ ದಂಪತಿಗಳ ಚಿತ್ರ, ವೈದ್ಯಕೀಯ ತಪಾಸಣೆ ಬೇಡವೆಂಬ ಆಶ್ವಾಸನೆ, ಸ್ಟಾಂಪು ಹಚ್ಚದೆ ಹಿಂದಿರುಗಿಸಬಹುದಾದ ಒಂದು ಕಾರ್ಡು. ಇದು ವಿಮೆಯ ಆಹ್ವಾನ.

ವಯಸ್ಸಾದ ಮೇಲೆ ತೋಟವನ್ನು ಮಕ್ಕಳಿಗೋ ರೈಟರಿಗೋ ಒಪ್ಪಿಸಿ ಮೈಸೂರಿನಲ್ಲಿ ನೆಲೆಸಿದ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ಕುವೆಂಪುನಗರದಲ್ಲಿರುವ ಇಂಥ ಕೆಲವರು ಈ ಕಾಗದಗಳನ್ನು ತೋರಿಸಿ “ಇದು ಒಳ್ಳೆಯದೇ, ಕಟ್ಟಬಹುದೇ?” ಎಂದು ಕೇಳಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹೇಳುವುದಕ್ಕಿಂತ ವಿಷಯವನ್ನು ಬುಡದಿಂದಲೇ ವಿವರಿಸುವುದು ಲೇಸೆಂದು ಈ ಲೇಖನವನ್ನು ಬರೆಯಲಾಗಿದೆ. ಅಂಚೆಯಲ್ಲಿ ಬಂದದ್ದೆಲ್ಲ ಮೋಸವೆಂದು ಹೇಳುವುದು ಇದರ ಉದ್ದೇಶವಲ್ಲ. ಕಾನೂನಿಗೆ ಒಳಪಟ್ಟ ಕಂಪನಿಗಳೂ ಹೀಗೆ ವ್ಯಾಪಾರ ಮಾಡುತ್ತವೆ. ಆದರೆ ಆ ವ್ಯಾಪಾರದ ಲೆಕ್ಕಾಚಾರ ತಿಳಿಯದೆ ಸಹಿ ಹಾಕಿದರೆ ನಷ್ಟ ನಮ್ಮದೇ.

ಎರಡು ಬೇರೆ ಸಂಗತಿಗಳು

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳೋಣ. ಅಂಚೆ ಜೀವವಿಮೆಯೇ ಬೇರೆ, ಅಂಚೆಯ ಮೂಲಕ ಮಾರುವ ವಿಮೆಯೇ ಬೇರೆ. ಅಂಚೆ ಜೀವವಿಮೆ ಸರಕಾರದ್ದು. 1884ರ ಫೆಬ್ರವರಿ 1ರಂದು ಅಂಚೆ ನೌಕರರಿಗಾಗಿ ಆರಂಭವಾಯಿತು. ನಮ್ಮ ಮೈಸೂರು ಸಂಸ್ಥಾನವೂ ಹಿಂದೆ ಬೀಳದೆ 1891ರಲ್ಲಿ ತನ್ನ ನೌಕರರಿಗೆ ವಿಮಾ ಯೋಜನೆಯನ್ನು ತಂದಿತು. ಇಂದಿನ ಕರ್ನಾಟಕ ಸರಕಾರಿ ವಿಮಾ ಇಲಾಖೆಯ ಮೂಲ ಅದೇ. ಹಳ್ಳಿಯ ಜನರಿಗೆಂದು ಗ್ರಾಮೀಣ ಅಂಚೆ ಜೀವವಿಮೆ 1995ರ ಮಾರ್ಚ್ 24ರಂದು ಪ್ರಾರಂಭವಾಯಿತು. ಇದರಲ್ಲಿ 10 ಲಕ್ಷ ರೂಪಾಯಿವರೆಗೆ ವಿಮೆ ಪಡೆಯಬಹುದು. ಆದರೆ ಅದರ ಮುಖ್ಯ ಪಾಲಿಸಿಗಳಿಗೆ ಸೇರುವ ವಯೋಮಿತಿ 55. ಹಳ್ಳಿಯ ವಾಸಿಗಳಿಗೆ ಮಾತ್ರ ಅದು ಲಭ್ಯ. ಆದ್ದರಿಂದ ತೋಟದ ಮನೆಯಲ್ಲಿರುವ, 55 ದಾಟದ ಸದಸ್ಯರು ಹತ್ತಿರದ ಅಂಚೆ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಲಕೋಟೆಯಲ್ಲಿ ಬರುವುದು ಹೀಗಲ್ಲ. ಅಲ್ಲಿ ಅಂಚೆಯವನು ಕಾಗದ ತಂದುಕೊಡುವವನು ಮಾತ್ರ. ಕಾಗದದ ಮಾತಿಗೆ ಅಂಚೆ ಇಲಾಖೆ ಹೊಣೆಯಲ್ಲ.

ಈ ಪದ್ಧತಿ ಎಲ್ಲಿಂದ ಬಂತು?

ಹಿರಿಯರಿಗೆ ಟಪಾಲಿನಲ್ಲಿ ವಿಮೆ ಮಾರುವ ವಿದ್ಯೆ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಅದರ ಆರಂಭ ನಿಜವಾದ ಸಂಕಟದಿಂದಲೇ ಆಯಿತು. ಎಥೆಲ್ ಪರ್ಸಿ ಆಂಡ್ರಸ್ ಎಂಬ ನಿವೃತ್ತ ಮುಖ್ಯೋಪಾಧ್ಯಾಯಿನಿ 1947ರಲ್ಲಿ ನಿವೃತ್ತ ಶಿಕ್ಷಕರ ಸಂಘವನ್ನು ಸ್ಥಾಪಿಸಿದರು. ಮುದುಕರಿಗೆ ಆರೋಗ್ಯ ವಿಮೆ ಕೊಡಲು ಕಂಪನಿಗಳು ಒಪ್ಪದ ಕಾಲವದು. ಹಲವು ಕಡೆ ನಿರಾಕರಣೆಯಾದ ಮೇಲೆ 1950ರ ದಶಕದ ಮಧ್ಯದಲ್ಲಿ ಲಿಯೊನಾರ್ಡ್ ಡೇವಿಸ್ ಎಂಬ ವಿಮಾ ದಲ್ಲಾಳಿಯ ಮೂಲಕ ಗುಂಪು ವಿಮೆಯ ಏರ್ಪಾಡಾಯಿತು. ಸದಸ್ಯರ ಪಟ್ಟಿ ಸಂಘದಲ್ಲಿತ್ತು. ಕಾಗದ ಬರೆದು ತಿಳಿಸಿದರೆ ಸಾಕಾಯಿತು. 1958ರಲ್ಲಿ ಶಿಕ್ಷಕರಲ್ಲದ ಹಿರಿಯರನ್ನೂ ಸೇರಿಸಿಕೊಂಡು ದೊಡ್ಡ ಸಂಘ ಹುಟ್ಟಿತು. ಡೇವಿಸ್ ಮುಂದೆ ಕಲೋನಿಯಲ್ ಪೆನ್ ಎಂಬ ತನ್ನದೇ ಕಂಪನಿಯನ್ನು ಕಟ್ಟಿದ.

ಆ ಮೇಲೆ ಆದದ್ದು ನಮ್ಮಂಥ ಸಂಘಗಳಿಗೆ ಪಾಠವಾಗತಕ್ಕದ್ದು. ಸಂಘವು ಸದಸ್ಯರಿಗೆ ಸೇವೆ ಮಾಡುತ್ತಿದೆಯೋ, ಕಂಪನಿಗೆ ಗಿರಾಕಿಗಳನ್ನು ಒದಗಿಸುತ್ತಿದೆಯೋ ಎಂಬ ಪ್ರಶ್ನೆ 1970ರ ದಶಕದ ಕೊನೆಗೆ ಅಲ್ಲಿನ ಟೆಲಿವಿಷನ್‌ವರೆಗೂ ಹೋಯಿತು. ಕೊನೆಗೆ ಸಂಘವು ತನ್ನ ಆರೋಗ್ಯ ವಿಮೆಯನ್ನು ಬೇರೊಂದು ಕಂಪನಿಗೆ ವಹಿಸಬೇಕಾಯಿತು. ಸದಸ್ಯರ ಪಟ್ಟಿ ಎಂಬುದು ಎಷ್ಟು ಬೆಲೆಬಾಳುವ ಸೊತ್ತು ಎಂಬುದು ಇದರಿಂದ ತಿಳಿಯುತ್ತದೆ.

ಕಾಗದದ ಹಿಂದಿನ ಲೆಕ್ಕ

ಕಂಪನಿಗಳಿಗೆ ನಿಮ್ಮ ವಿಳಾಸ ಸಿಗುವುದು ಪಟ್ಟಿಗಳಿಂದ. 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂದ ಮೇಲೆ ಒಂದು ಬಡಾವಣೆಯನ್ನು ಆರಿಸಿಕೊಂಡು ಕಾಗದ ಕಳಿಸುವುದು ಸುಲಭವಾಯಿತು. ನಿವೃತ್ತರು ಹೆಚ್ಚಾಗಿ ನೆಲೆಸುವ ಊರೆಂದು ಮೈಸೂರಿಗೆ ಹೆಸರಿರುವುದರಿಂದ 570023 ಎಂದು ಬರೆದ ಕುವೆಂಪುನಗರದ ವಿಳಾಸಗಳ ಮೇಲೆ ಮಾರಾಟಗಾರರ ಕಣ್ಣು ಬಿದ್ದರೆ ಆಶ್ಚರ್ಯವಿಲ್ಲ. ಬೆಲ್ಲವಿದ್ದಲ್ಲಿಗೆ ಇರುವೆ ಬರುತ್ತದೆ.

ಈಗ ಒಂದು ಊಹೆಯ ಲೆಕ್ಕ ಮಾಡೋಣ. ಒಂದು ಕಂಪನಿ 10,000 ಕಾಗದ ಕಳಿಸಿತೆಂದು ಇಟ್ಟುಕೊಳ್ಳಿ. ಅಚ್ಚು, ಲಕೋಟೆ, ಅಂಚೆವೆಚ್ಚ ಸೇರಿ ಒಂದಕ್ಕೆ 15 ರೂಪಾಯಿಯಂತೆ ಒಟ್ಟು ಖರ್ಚು 1,50,000 ರೂ. ನೂರಕ್ಕೆ ಅರ್ಧದಂತೆ 50 ಜನ ಪಾಲಿಸಿ ಕೊಂಡರು. ಆಗ ಒಬ್ಬೊಬ್ಬ ಗಿರಾಕಿಯನ್ನು ಹಿಡಿಯಲು ಆದ ಖರ್ಚು 3,000 ರೂ. ಬುಟ್ಟಿಗೆ ಎಸೆದ 9,950 ಕಾಗದಗಳ ಖರ್ಚನ್ನೂ ಈ 50 ಜನರೇ ತಮ್ಮ ಕಂತಿನಲ್ಲಿ ತುಂಬಿಕೊಡಬೇಕು. “ಏಜೆಂಟರಿಲ್ಲ, ಆದ್ದರಿಂದ ಅಗ್ಗ” ಎಂಬ ಮಾತನ್ನು ಹಾಗೆಯೇ ನುಂಗುವಂತಿಲ್ಲ.

ಎರಡನೆಯ ಸಂಗತಿ ಇನ್ನೂ ಮುಖ್ಯವಾದದ್ದು. “ತಪಾಸಣೆ ಬೇಡ, ಯಾರನ್ನೂ ನಿರಾಕರಿಸುವುದಿಲ್ಲ” ಎಂದು ಸಾರಿದರೆ ಮೊದಲು ಓಡಿ ಬರುವವರು ಯಾರು? ಕಾಯಿಲೆಯವರು. ಅಡಿಕೆಗೆ ಕೊಳೆ ಕಂಡ ಮೇಲೆ ಬೋರ್ಡೋ ದ್ರಾವಣಕ್ಕೆ ಓಡುವಂತೆ. ಕಂಪನಿಗೆ ಇದು ಗೊತ್ತು. ಆದ್ದರಿಂದ ಅದು ಮೂರು ಬೇಲಿಗಳನ್ನು ಹಾಕಿಕೊಳ್ಳುತ್ತದೆ: ಕಂತು ಹೆಚ್ಚು, ವಿಮೆಯ ಮೊತ್ತ ಕಡಿಮೆ, ಆರಂಭದಲ್ಲಿ ಕಾಯುವ ಅವಧಿ. ಅಮೆರಿಕದ ಇಂಥ ಪಾಲಿಸಿಗಳಲ್ಲಿ ಮೊದಲ 2 ವರ್ಷದೊಳಗೆ ಸಹಜ ಮರಣವಾದರೆ ಸಾಮಾನ್ಯವಾಗಿ ಪೂರ್ಣ ಮೊತ್ತ ಸಿಗುವುದಿಲ್ಲ. ಕಟ್ಟಿದ ಕಂತು ಸ್ವಲ್ಪ ಬಡ್ಡಿಯೊಡನೆ ಹಿಂತಿರುಗುತ್ತದೆ ಅಷ್ಟೆ. ಇವು ಅನ್ಯಾಯದ ಬೇಲಿಗಳಲ್ಲ. ಆದರೆ ದೊಡ್ಡ ಅಕ್ಷರದಲ್ಲಿ ಆಶ್ವಾಸನೆ, ಸಣ್ಣ ಅಕ್ಷರದಲ್ಲಿ ಬೇಲಿ ಎಂದಾಗ ತೊಂದರೆ ಆರಂಭವಾಗುತ್ತದೆ.

ಕಂತು ಎಷ್ಟು, ಮೊತ್ತ ಎಷ್ಟು?

ಕಾಗದದಲ್ಲಿ “ದಿನಕ್ಕೆ ಕೇವಲ 33 ರೂಪಾಯಿ” ಎಂದಿರಬಹುದು. ದಿನದ ಲೆಕ್ಕವನ್ನು ವರ್ಷದ ಲೆಕ್ಕಕ್ಕೆ ತಂದುಕೊಳ್ಳಿರಿ: ಸುಮಾರು 12,000 ರೂ. ವಿಮೆಯ ಮೊತ್ತ 1 ಲಕ್ಷವೆಂದು ಇಟ್ಟುಕೊಂಡರೆ 66ನೆಯ ವಯಸ್ಸಿನಲ್ಲಿ ಸೇರಿದವರು 9 ಕಂತು ಕಟ್ಟುವಷ್ಟರಲ್ಲಿ 1,08,000 ರೂ. ಕೊಟ್ಟಿರುತ್ತಾರೆ. ಅಲ್ಲಿಂದ ಮುಂದೆ ಕಟ್ಟಿದ್ದೆಲ್ಲ ಸಿಗುವ ಮೊತ್ತಕ್ಕಿಂತ ಹೆಚ್ಚು. ನಡುವೆ ಕಂತು ನಿಲ್ಲಿಸಿದರೆ ರಕ್ಷಣೆ ತಪ್ಪುತ್ತದೆ. ಆದ್ದರಿಂದ ಕಾಗದವನ್ನು ಓದುವಾಗ ಒಂದು ಭಾಗಾಕಾರವನ್ನು ತಪ್ಪದೆ ಮಾಡಿರಿ: ವಿಮೆಯ ಮೊತ್ತವನ್ನು ವಾರ್ಷಿಕ ಕಂತಿನಿಂದ ಭಾಗಿಸಿ. ಎಷ್ಟು ವರ್ಷದಲ್ಲಿ ನಿಮ್ಮ ಹಣವೇ ನಿಮಗೆ ಬರುತ್ತದೆಂದು ತಿಳಿಯುತ್ತದೆ.

ಇದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಈ ವಯಸ್ಸಿನಲ್ಲಿ ನನಗೆ ಜೀವವಿಮೆ ಏಕೆ? ದುಡಿಯುವವನು ಇಲ್ಲವಾದಾಗ ಅವಲಂಬಿತರು ಬೀದಿಪಾಲಾಗಬಾರದೆಂಬುದು ಜೀವವಿಮೆಯ ಉದ್ದೇಶ. ಮಕ್ಕಳು ನೆಲೆ ನಿಂತಿದ್ದು, ಸಾಲ ತೀರಿದ್ದು, ತೋಟ ಇಳುವರಿ ಕೊಡುತ್ತಿದ್ದರೆ 70ರ ಸದಸ್ಯರಿಗೆ ಹೊಸ ಜೀವವಿಮೆಯ ಅಗತ್ಯ ಕಡಿಮೆ. ಸಾಲವಿದ್ದರೆ, ಅಥವಾ ನಮ್ಮನ್ನೇ ನಂಬಿದ ಅಂಗವಿಕಲ ಮಗ ಮಗಳಿದ್ದರೆ ಮಾತು ಬೇರೆ. ಹೆಚ್ಚಿನವರಿಗೆ ಬೇಕಾಗಿರುವುದು ಆಸ್ಪತ್ರೆಯ ಖರ್ಚಿನ ರಕ್ಷಣೆ.

ಇನ್ನು “10 ಲಕ್ಷ ರೂಪಾಯಿ ರಕ್ಷಣೆ” ಎಂಬ ಕಾಗದಗಳಲ್ಲಿ ಕೆಲವು ಕೇವಲ ಅಪಘಾತ ವಿಮೆಯವು. ಕಾಯಿಲೆಯಿಂದಲೋ ವೃದ್ಧಾಪ್ಯದಿಂದಲೋ ಮರಣವಾದರೆ ಅದರಿಂದ ಏನೂ ಬಾರದು. ಅಪಘಾತ ವಿಮೆಯೇ ಬೇಕೆಂದರೆ 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದವರು ಬ್ಯಾಂಕ್ ಖಾತೆಯ ಮೂಲಕ ಸೇರಬಹುದು. 2022ರ ಜೂನ್‌ನಿಂದ ವರ್ಷಕ್ಕೆ 20 ರೂ. ಕಂತಿಗೆ 2 ಲಕ್ಷದ ರಕ್ಷಣೆಯಿದೆ. ಜೊತೆಯದಾದ ಜೀವನ ಜ್ಯೋತಿ ಯೋಜನೆಗೆ ಮಾತ್ರ 50 ವರ್ಷದೊಳಗೆ ಸೇರಿರಬೇಕು. ಯಾವ ಲಕೋಟೆಯ ದರವನ್ನಾದರೂ ಮೊದಲು ಈ 20 ರೂಪಾಯಿಯ ಪಕ್ಕದಲ್ಲಿಟ್ಟು ನೋಡಿರಿ.

ಕಾರ್ಡು ಹಿಂತಿರುಗಿಸಿದರೆ ಏನಾಗುತ್ತದೆ?

ಸ್ಟಾಂಪಿಲ್ಲದ ಉತ್ತರದ ಕಾರ್ಡಿನ ಅಂಚೆವೆಚ್ಚವನ್ನು ಪಡೆಯುವವರೇ ಕೊಡುತ್ತಾರೆ. ಅದನ್ನು ಕಳಿಸಿದ ಮಾತ್ರಕ್ಕೆ ನೀವು ಯಾವ ಕರಾರಿಗೂ ಒಳಪಡುವುದಿಲ್ಲ, ವಿಮೆಯೂ ಆರಂಭವಾಗುವುದಿಲ್ಲ. ಆದರೆ ನಿಮ್ಮ ವಯಸ್ಸು, ದೂರವಾಣಿ ಸಂಖ್ಯೆ, ಆಸಕ್ತಿ ಮೂರೂ ಅವರ ಕೈಸೇರುತ್ತವೆ. ಅನಂತರ ಕರೆಗಳು ಶುರುವಾಗುತ್ತವೆ.

ಅರ್ಜಿ ತುಂಬಿ ಚೆಕ್ಕು ಕಳಿಸಿದರೂ ವಿಮೆ ಆಗಿಹೋಯಿತೆಂದು ತಿಳಿಯಬಾರದು. ಆಂಧ್ರದ ಒಬ್ಬರು 1960ರ ಡಿಸೆಂಬರ್ 27ರಂದು 50,000 ರೂ. ವಿಮೆಗೆ ಅರ್ಜಿ ಕೊಟ್ಟು, ಮೊದಲ ಕಂತಿಗೆ ಚೆಕ್ಕನ್ನೂ ಕೊಟ್ಟಿದ್ದರು. 1961ರ ಜನವರಿ 12ರಂದು ತೀರಿಕೊಂಡರು. ಅರ್ಜಿಯನ್ನು ಒಪ್ಪಿದ ತಿಳಿವಳಿಕೆ ಇನ್ನೂ ಬಂದಿರಲಿಲ್ಲ. 1984ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತು, ಕಂತನ್ನು ಪಡೆದು ಸುಮ್ಮನಿದ್ದ ಮಾತ್ರಕ್ಕೆ ಒಪ್ಪಿಗೆಯಾಗುವುದಿಲ್ಲ, ಒಪ್ಪಿಗೆಯನ್ನು ತಿಳಿಸಿದ ಮೇಲೆಯೇ ಕರಾರು ಪೂರ್ಣ ಎಂದಿತು. ಇನ್ನೊಂದು ಕಡೆ, ಕಂತು ಕೈಸೇರದೆ ಕಂಪನಿ ಹೊಣೆಯನ್ನು ಹೊರುವಂತಿಲ್ಲ ಎಂಬುದು ವಿಮಾ ಕಾಯಿದೆಯ ನಿಯಮ. ಅಂದರೆ ಹಣವೂ ತಲುಪಬೇಕು, ಒಪ್ಪಿಗೆಯೂ ಬರಬೇಕು.

30 ದಿನಗಳ ಹಕ್ಕು

ದೂರದಿಂದಲೇ ವಿಮೆ ಮಾರುವುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರವು 2011ರ ಏಪ್ರಿಲ್‌ನಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ದೂರವಾಣಿ, ಕಿರುಸಂದೇಶಗಳ ಜೊತೆಗೆ ನೇರ ಅಂಚೆ, ಪತ್ರಿಕೆಗಳ ನಡುವೆ ಇಡುವ ಕರಪತ್ರ, ಎಲ್ಲವೂ ಅದರಲ್ಲಿ ಸೇರಿದ್ದವು. ಮುಖಾಮುಖಿ ಕೊಂಡವರಿಗೆ ಪಾಲಿಸಿಯನ್ನು ಓದಿ ಹಿಂತಿರುಗಿಸಲು 15 ದಿನವಿದ್ದರೆ, ದೂರದಿಂದ ಕೊಂಡವರಿಗೆ 30 ದಿನವಿತ್ತು. 2024ರ ನಿಯಮಾವಳಿಯಿಂದ ಎಲ್ಲ ಬಗೆಯ ಖರೀದಿಗೂ 30 ದಿನವಾಗಿದೆ. ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಪಾಲಿಸಿಗಳಿಗೆ ಇದು ಅನ್ವಯಿಸದು.

ಈ 30 ದಿನ ಎಣಿಸತಕ್ಕದ್ದು ಪಾಲಿಸಿ ಪತ್ರ ನಿಮ್ಮ ಕೈಸೇರಿದ ದಿನದಿಂದ. ಆದ್ದರಿಂದ ಪಾಲಿಸಿ ಬಂದ ಲಕೋಟೆಯನ್ನು ಎಸೆಯಬೇಡಿ. ಅದರ ಮೇಲಿನ ಅಂಚೆ ಮುದ್ರೆಯೇ ನಿಮ್ಮ ಸಾಕ್ಷಿ. ಮಡಿಕೇರಿಯ ತೋಟದ ವಿಳಾಸಕ್ಕೆ ಬಂದ ಪಾಲಿಸಿಯನ್ನು ಮೈಸೂರಿನ ಮನೆಗೆ ಯಾರೋ ತಿಂಗಳು ಬಿಟ್ಟು ತಂದುಕೊಟ್ಟರೆ ಅವಧಿ ಕಳೆದೇ ಹೋಗಬಹುದು. ಎರಡು ಮನೆಯಿರುವವರು ನಿತ್ಯ ವಾಸದ ವಿಳಾಸವನ್ನೇ ಕೊಡತಕ್ಕದ್ದು. ಪಾಲಿಸಿ ಬೇಡವೆನಿಸಿದರೆ ಕಾರಣ ಬರೆದು, ಮೂಲಪತ್ರದೊಡನೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿರಿ. ಹಳೆಯ ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ವಿಲೀನವಾಗಿದೆ. ರಕ್ಷಣೆಯಿದ್ದ ದಿನಗಳ ಖರ್ಚು, ತಪಾಸಣೆಯ ಖರ್ಚು, ಸ್ಟಾಂಪು ಸುಂಕ ಇಷ್ಟನ್ನು ಕಳೆದು ಉಳಿದ ಹಣವನ್ನು ಕಂಪನಿ ಹಿಂತಿರುಗಿಸಬೇಕು.

ಕಂತು ತಪ್ಪಿದಾಗ

ಸಂಬಳದವರಂತೆ ತಿಂಗಳು ತಿಂಗಳು ಹಣ ಬರುವ ಜೀವನ ನಮ್ಮದಲ್ಲ. ಅರೇಬಿಕಾ ಹಣ್ಣು ನವೆಂಬರಿನಿಂದ, ರೋಬಸ್ಟಾ ಜನವರಿಯಿಂದ. ಅಡಿಕೆಯದೂ ಹೆಚ್ಚು ಕಡಿಮೆ ಅದೇ ಕಾಲ. ಮಳೆಗಾಲದಲ್ಲಿ ಕೈ ಬರಿದು. ಜುಲೈ ತಿಂಗಳಿನಲ್ಲಿ ಬಂದ ಕಾಗದಕ್ಕೆ ಮರುಳಾಗಿ ಪಾಲಿಸಿ ಕೊಂಡರೆ ಪ್ರತಿ ಜುಲೈಯಲ್ಲಿಯೂ ಕಂತು ಬರುತ್ತದೆ. ವಾರ್ಷಿಕ ಕಂತಿಗೆ 30 ದಿನ, ಮಾಸಿಕ ಕಂತಿಗೆ 15 ದಿನ ರಿಯಾಯಿತಿಯಿದೆ. ಅದೂ ಮೀರಿದರೆ ಪಾಲಿಸಿ ನಿಲ್ಲುತ್ತದೆ. ವಿಮೆ ಬೇಕೇ ಬೇಕೆಂದು ತೀರ್ಮಾನಿಸಿದವರು ಕಂತಿನ ತಿಂಗಳು ಫೆಬ್ರವರಿ ಅಥವಾ ಮಾರ್ಚ್ ಆಗುವಂತೆ ಆರಂಭ ಮಾಡುವುದು ಲೇಸು. ನಡುವೆ ಬಿಡಬೇಕಾಗಿ ಬಂದರೆ, 2024ರ ಅಕ್ಟೋಬರ್ 1ರ ಅನಂತರದ ಉಳಿತಾಯ ಸಹಿತ ಜೀವವಿಮಾ ಪಾಲಿಸಿಗಳಲ್ಲಿ ಒಂದು ಪೂರ್ಣ ವರ್ಷದ ಕಂತು ಕಟ್ಟಿ ವರ್ಷ ತುಂಬಿದ್ದರೆ ವಿಶೇಷ ಸರೆಂಡರ್ ಮೌಲ್ಯ ದೊರೆಯುತ್ತದೆ. ಅದಕ್ಕೂ ಮುಂಚೆ ಬಿಟ್ಟರೆ ಬರಿಗೈ.

ಆರೋಗ್ಯ ವಿಮೆ

65 ದಾಟಿದವರಿಗೆ ಆರೋಗ್ಯ ವಿಮೆ ಸಿಗುವುದಿಲ್ಲ ಎಂಬ ಮಾತು ಈಗ ಹಳೆಯದು. 2024ರ ಏಪ್ರಿಲ್‌ನಿಂದ ಕಂಪನಿಗಳು ಎಲ್ಲ ವಯಸ್ಸಿನವರಿಗೂ ಪಾಲಿಸಿಗಳನ್ನು ರೂಪಿಸಬೇಕಾಗಿದೆ. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಿಸಬಹುದಾದ ಗರಿಷ್ಠ ಅವಧಿ 48 ತಿಂಗಳಿನಿಂದ 36 ತಿಂಗಳಿಗೆ ಇಳಿದಿದೆ. 60 ತಿಂಗಳು ಬಿಡದೆ ನಡೆಸಿದ ಪಾಲಿಸಿಯನ್ನು ವಂಚನೆಯ ಕಾರಣದ ಹೊರತು ಪ್ರಶ್ನಿಸುವಂತಿಲ್ಲ. 2025ರ ಜನವರಿಯ ಆದೇಶದಂತೆ ಪ್ರಾಧಿಕಾರದೊಡನೆ ಸಮಾಲೋಚಿಸದೆ ಹಿರಿಯರ ಕಂತನ್ನು ವರ್ಷಕ್ಕೆ ಶೇಕಡ 10ಕ್ಕಿಂತ ಹೆಚ್ಚಿಸುವಂತಿಲ್ಲ. ವೈಯಕ್ತಿಕ ಜೀವವಿಮೆ ಮತ್ತು ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇಕಡ 18ರ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ. ಆ ತೆರಿಗೆಯನ್ನು ಸೇರಿಸಿ ಲೆಕ್ಕ ತೋರಿಸುವ ಹಳೆಯ ಕಾಗದ ಕೈಗೆ ಬಂದರೆ ಪ್ರಶ್ನಿಸಿರಿ.

ಕಾಗದದಲ್ಲಿ ನೋಡಬೇಕಾದ ಶಬ್ದ “ಸಹಪಾವತಿ”. ಶೇಕಡ 20 ಎಂದಿದ್ದರೆ 3 ಲಕ್ಷದ ಬಿಲ್ಲಿನಲ್ಲಿ 60,000 ರೂ. ನಿಮ್ಮ ಜೇಬಿನಿಂದ ಹೋಗುತ್ತದೆ. ಕೊಠಡಿ ಬಾಡಿಗೆಯ ಮಿತಿಯನ್ನೂ ನೋಡಿಕೊಳ್ಳಿರಿ.

ಸಹಕಾರಿಗಳಾದ ನಾವು ಯಶಸ್ವಿನಿಯನ್ನು ಮರೆಯಬಾರದು. ಲಕೋಟೆಯ ಹಂಗಿಲ್ಲದೆ, ಸಹಕಾರ ಸಂಘಗಳ ಮೂಲಕವೇ ಸದಸ್ಯರನ್ನು ಸೇರಿಸಿಕೊಂಡ ಯೋಜನೆಯಿದು. 2003ರಲ್ಲಿ ಜಾರಿಗೆ ಬಂದಾಗ ತಿಂಗಳಿಗೆ 5 ರೂ. ವಂತಿಗೆ; ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ, 2022ರಲ್ಲಿ ಮತ್ತೆ ಆರಂಭವಾಯಿತು. ಆಗ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂ. ವಂತಿಗೆ, 5 ಲಕ್ಷದವರೆಗೆ ಚಿಕಿತ್ಸೆ ಎಂದು ಗೊತ್ತುಮಾಡಲಾಯಿತು. ಕಾಗದ ಕಳಿಸುವ, ಗಿರಾಕಿ ಹಿಡಿಯುವ ಖರ್ಚಿಲ್ಲದಿದ್ದಾಗ ವಂತಿಗೆ ಎಷ್ಟು ಇಳಿಯಬಲ್ಲದು ಎಂಬುದಕ್ಕೆ ಇದೇ ನಿದರ್ಶನ.

ಸಹಿ ಹಾಕುವ ಮೊದಲು

1. ಕಂಪನಿಯ ನೋಂದಣಿ ಸಂಖ್ಯೆ, ಪಾಲಿಸಿಯ ಗುರುತಿನ ಸಂಖ್ಯೆ ಕಾಗದದಲ್ಲಿ ಇರಬೇಕು. ಸಂಶಯವಿದ್ದರೆ ಪ್ರಾಧಿಕಾರದ 155255 ಸಂಖ್ಯೆಗೆ ಕರೆಮಾಡಿ ವಿಚಾರಿಸಬಹುದು.

2. ಪ್ರಾಧಿಕಾರವು ತಾನೇ ವಿಮೆ ಮಾರುವುದಿಲ್ಲ, ಬೋನಸ್ ಹಂಚುವುದಿಲ್ಲ. ಅದರ ಹೆಸರಿನಲ್ಲಿ “ನಿಮ್ಮ ಹಳೆಯ ಪಾಲಿಸಿಯ ಬೋನಸ್ ತಡೆಹಿಡಿದಿದೆ, ಹೊಸದೊಂದನ್ನು ಕೊಂಡರೆ ಬಿಡುಗಡೆ” ಎಂದು ಬಂದರೆ ಅದು ವಂಚನೆ. ಹಾಗೆಯೇ ಪ್ರಧಾನ ಮಂತ್ರಿ ವಯ ವಂದನ ಯೋಜನೆ 2023ರ ಮಾರ್ಚ್ 31ಕ್ಕೆ ಹೊಸಬರಿಗೆ ಮುಚ್ಚಿದೆ. ಅದರ ಹೆಸರಿನಲ್ಲಿ ಹಣ ಕೇಳಿದರೆ ಕೊಡಬೇಡಿ.

3. ನಗದು ಕೊಡಬೇಡಿ. ಕಂಪನಿಯ ಹೆಸರಿಗೇ ಅಡ್ಡಗೆರೆ ಎಳೆದ ಚೆಕ್ಕು, ಹಿಂಬದಿಯಲ್ಲಿ ಅರ್ಜಿ ಸಂಖ್ಯೆ. ಖಾಲಿ ಅರ್ಜಿಗೆ ಸಹಿ ಎಂದಿಗೂ ಬೇಡ.

4. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಚಿಕಿತ್ಸೆಗಳನ್ನು ಮುಚ್ಚಿಡಬೇಡಿ. ಜೀವವಿಮೆಯಲ್ಲಿ 3 ವರ್ಷ ಕಳೆದ ಮೇಲೆ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲವೆಂದು 2015ರ ತಿದ್ದುಪಡಿ ಹೇಳುತ್ತದೆ. ಆದರೆ ಅದರೊಳಗೆ ಮರಣವಾದರೆ ಮುಚ್ಚಿಟ್ಟದ್ದೇ ಮನೆಯವರಿಗೆ ಮುಳುವಾಗುತ್ತದೆ.

5. ನಾಮನಿರ್ದೇಶನ ಮಾಡಿರಿ, ಮನೆಯವರಿಗೆ ತಿಳಿಸಿರಿ. ಯಾರೂ ಕೇಳದೆ 10 ವರ್ಷಕ್ಕಿಂತ ಹೆಚ್ಚು ಕಾಲ ಉಳಿದ ವಿಮಾ ಹಣ 2015ರಲ್ಲಿ ಸ್ಥಾಪಿತವಾದ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ.

6. ದೂರಿದ್ದರೆ ಮೊದಲು ಕಂಪನಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. 50 ಲಕ್ಷ ರೂಪಾಯಿವರೆಗಿನ ತಗಾದೆಗಳನ್ನು ಅಲ್ಲಿ ವಿಚಾರಿಸುತ್ತಾರೆ.

ನಮ್ಮ ಪಟ್ಟಿಯ ವಿಷಯ

ಕೊನೆಯದಾಗಿ ಸಂಘಕ್ಕೆ ಸಂಬಂಧಿಸಿದ ಮಾತು. 60 ದಾಟಿದ ಸದಸ್ಯರ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳ ಪಟ್ಟಿ ಕೊಟ್ಟರೆ ಸಂಘಕ್ಕೆ “ಸೇವಾಶುಲ್ಕ” ಕೊಡುವುದಾಗಿ, ಸಂಘದ ಲೆಟರ್‌ಹೆಡ್ಡಿನಲ್ಲೇ ಕಾಗದ ಹೋದರೆ ಮತ್ತಷ್ಟು ಕೊಡುವುದಾಗಿ ವಿಚಾರಣೆ ಬಂದಿದೆ. ಸಂಘದ ಆದಾಯ ಕುಗ್ಗಿರುವ ಈ ದಿನಗಳಲ್ಲಿ ಇದನ್ನು ಒಪ್ಪಬಾರದೇಕೆ ಎಂದು ಕೆಲವು ಸದಸ್ಯರು ಕೇಳಿದ್ದಾರೆ. ಪ್ರಶ್ನೆ ತಪ್ಪಲ್ಲ, ಗೊಬ್ಬರದ ಗೋದಾಮಿನ ಮಾಡು ಸೋರುತ್ತಿರುವುದು ಎಲ್ಲರಿಗೂ ತಿಳಿದದ್ದೇ.

ಆದರೆ ವಿಮಾ ಪ್ರಾಧಿಕಾರದಲ್ಲಿ ನೋಂದಾಯಿತ ಏಜೆಂಟ್ ಆಗದೆ ಸಂಘವು ವಿಮೆ ಮಾರಿಸಿ ಪ್ರತಿಫಲ ಪಡೆಯುವುದು ಕಾಯಿದೆಗೆ ವಿರುದ್ಧ. ಸದಸ್ಯರು ತಮ್ಮ ವಿವರಗಳನ್ನು ಕೊಟ್ಟದ್ದು ಗೊಬ್ಬರ, ಸಾಲ, ಮಾರಾಟಗಳಿಗಾಗಿ. ಅದನ್ನು ಬೇರೊಂದಕ್ಕೆ ಬಳಸಲು ಒಪ್ಪಿಗೆ ಬೇಕೆಂಬುದೇ 2023ರ ವೈಯಕ್ತಿಕ ದತ್ತಾಂಶ ಕಾಯಿದೆಯ ತಿರುಳು. ಕಾನೂನು ಬದಿಗಿರಲಿ. ಅಪರಿಚಿತ ಲಕೋಟೆಯನ್ನು ಬದಿಗಿಡುವ ಹಿರಿಯರು ಸಂಘದ ಮುದ್ರೆಯಿದ್ದ ಕಾಗದವನ್ನು ನಂಬುತ್ತಾರೆ. ಆ ನಂಬಿಕೆಗೆ ಬೆಲೆ ಕಟ್ಟಲು ಹೊರಟರೆ ನಾಳೆ ನಾವು ಔಷಧಿ ಸಿಂಪರಣೆಯ ಸಲಹೆ ಬರೆದರೂ ಅದರ ಹಿಂದೆ ಯಾರ ಕಮಿಷನ್ ಇದೆಯೆಂದು ಕೇಳುವರು. ಆದ್ದರಿಂದ ಪಟ್ಟಿಯನ್ನು ಕೊಡತಕ್ಕದ್ದಲ್ಲ ಎಂಬುದೇ ಕಾರ್ಯದರ್ಶಿಯಾದ ನನ್ನ ಶಿಫಾರಸು. ಮುಂದಿನ ಆಡಳಿತ ಮಂಡಲಿ ಸಭೆಯ ಮುಂದೆ ಇದನ್ನು ಇಡಲಾಗುವುದು. ಸದಸ್ಯರು ತಮ್ಮ ಅಭಿಪ್ರಾಯವನ್ನು ಬರವಣಿಗೆಯಲ್ಲಿ ತಿಳಿಸಬೇಕಾಗಿ ಕೋರಿದೆ.

ವಿಮೆಯ ಕಾಗದ ಬಂದ ಸದಸ್ಯರು ಅದನ್ನು ಕಚೇರಿಗೆ ತಂದರೆ ಓದಿ ವಿವರಿಸಲಾಗುವುದು. ಬರಲಾಗದ ಹಿರಿಯರು ಮಕ್ಕಳ ಕೈಯಲ್ಲಿ ಕಳಿಸಬಹುದು. ಒಂದು ವಾರ ತಡಮಾಡಿ ಸಹಿ ಹಾಕಿದರೆ ಯಾವ ಒಳ್ಳೆಯ ವಿಮೆಯೂ ಕೈತಪ್ಪುವುದಿಲ್ಲ.